ಬಿಡಿಭಾಗದ ಜೊತೆಗೇ ಸಾಗಬೇಕಾದ ಮಾಹಿತಿ

ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಗಳಿವೆ. ಅಂಥದೊಂದು ಕಾರ್ಖಾನೆಯ ಕಂಪ್ಯೂಟರಿನಲ್ಲಿ ಎರಡು ಬಾಲ್ ವಾಲ್ವ್ ಬಾಡಿಗಳ (ಹೊರಕವಚಗಳ) ಕ್ಯಾಡ್ ಮಾದರಿಗಳು, ಅಂದರೆ ತಂತ್ರಾಂಶದಲ್ಲಿ ರಚಿಸಿದ ವಿನ್ಯಾಸಗಳು, ಇವೆ ಎಂದುಕೊಳ್ಳೋಣ: ಒಂದು ಡಬ್ಲ್ಯುಸಿಬಿ ದರ್ಜೆಯ ಕಾರ್ಬನ್ ಸ್ಟೀಲಿನದು, ಇನ್ನೊಂದು ಸಿಎಫ್8ಎಂ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಅಳತೆ, ರಂಧ್ರ, ಫ್ಲ್ಯಾಂಜ್ ಎಲ್ಲವೂ ಒಂದೇ ಆಗಿರುವುದರಿಂದ ಆಕಾರ ನೋಡಿ ಯಾವುದು ಯಾವುದೆಂದು ಹೇಳಲಾಗದು. ಆದರೆ ಅಸಿಟಿಕ್ ಆಮ್ಲ ಹರಿಯುವ ಪೈಪಿಗೆ ಮೊದಲನೆಯದನ್ನು ಕೂರಿಸಿದರೆ ಅದು ಬೇಗನೆ ತಿಂದುಹೋಗುತ್ತದೆ.

ಈ ವ್ಯತ್ಯಾಸವನ್ನು ಫೈಲಿನ ಹೆಸರಿನಲ್ಲಿ ತುರುಕುವುದು ನಮ್ಮಲ್ಲಿ ರೂಢಿ. ‘ಬಾಡಿ_50_ಸಿಎಫ್8ಎಂ_ಹೊಸದು_ಕೊನೆಯದು’ ಎಂಬಂಥ ಹೆಸರುಗಳನ್ನು ಕಂಡವರಿಗೆ ಅದರ ಫಜೀತಿ ಗೊತ್ತು. ಇದಕ್ಕಿಂತ ಮಾಹಿತಿಯನ್ನು ಮಾದರಿಯಲ್ಲಿನ ವಸ್ತುವಿನೊಳಗೇ ಬರೆಯುವುದು ಮೇಲು. ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಇದಕ್ಕೆ ಎಕ್ಸ್‌ಡೇಟಾ ಎಂಬ ವ್ಯವಸ್ಥೆಯಿದೆ: ಬರೆಯುವ ಪ್ರೋಗ್ರಾಂ ಮೊದಲು ತನ್ನ ಹೆಸರನ್ನು ನೋಂದಾಯಿಸಬೇಕು, ಹೀಗಾಗಿ ಒಬ್ಬರ ಮಾಹಿತಿಯನ್ನು ಇನ್ನೊಬ್ಬರ ಸ್ಕ್ರಿಪ್ಟ್ (ಕೆಲಸವನ್ನು ತಾನಾಗಿ ಮಾಡಿಸುವ ಚಿಕ್ಕ ಪ್ರೋಗ್ರಾಂ) ತನ್ನದೆಂದು ತಿಳಿಯುವುದಿಲ್ಲ. ಒಂದು ವಸ್ತುವಿಗೆ ಸುಮಾರು 16 ಕಿಲೋಬೈಟ್ ಮಾತ್ರ ಮಿತಿ. ಹೆಚ್ಚು ಬೇಕಾದವರು ವಸ್ತುವಿಗೆ ಜೋಡಿಸುವ ಪ್ರತ್ಯೇಕ ಸಂಗ್ರಹವಾದ ಎಕ್ಸ್‌ಟೆನ್ಶನ್ ಡಿಕ್ಷನರಿ ಬಳಸುತ್ತಾರೆ. ಉಚಿತವಾಗಿ ಸಿಗುವ ಕ್ಯಾಡ್ ತಂತ್ರಾಂಶವಾದ ಫ್ರೀಕ್ಯಾಡ್‌ನಲ್ಲಿ ಪೈಥಾನ್ ಭಾಷೆಯ ಒಂದೇ ಸಾಲು ಬಿಡಿಭಾಗಕ್ಕೆ ‘ದರ್ಜೆ’ ಎಂಬ ಹೊಸ ಗುಣವನ್ನು ಸೇರಿಸುತ್ತದೆ, ಫೈಲ್ ಉಳಿಸಿದಾಗ ಅದೂ ಉಳಿಯುತ್ತದೆ.

ನಿಜವಾದ ತೊಡಕು ಇರುವುದು ನಕಲಿನಲ್ಲಿ. ಆಟೋಕ್ಯಾಡ್‌ನಲ್ಲಿ ವಸ್ತುವನ್ನು ನಕಲು ಮಾಡಿದರೆ ಎಕ್ಸ್‌ಡೇಟಾ ಕೂಡ ನಕಲಾಗುತ್ತದೆ. ಲೋಹದ ದರ್ಜೆಯ ಮಟ್ಟಿಗೆ ಇದು ಅನುಕೂಲವೇ, ಆದರೆ ಒಂದು ಸಲ ಕರಗಿಸಿದ ಲೋಹಕ್ಕಷ್ಟೇ ಸೇರಿದ ಗುರುತಿನ ಸಂಖ್ಯೆಯಾದ ಹೀಟ್ ನಂಬರ್ ಹೊಸ ಪ್ರತಿಗೂ ಅಂಟಿಕೊಂಡರೆ ದಾಖಲೆಯೇ ಸುಳ್ಳಾಗುತ್ತದೆ. ಪ್ರತಿ ವಸ್ತುವಿಗೂ ತಂತ್ರಾಂಶ ಕೊಡುವ ಹ್ಯಾಂಡಲ್ ಎಂಬ ಗುರುತನ್ನು ಆ ಮಾಹಿತಿಯೊಳಗೆ ಅಕ್ಷರಗಳ ರೂಪದಲ್ಲಿ ಬರೆದಿಡುವುದು ಇದಕ್ಕೊಂದು ಉಪಾಯ. ನಕಲಿಗೆ ಹೊಸ ಹ್ಯಾಂಡಲ್ ಸಿಗುವುದರಿಂದ, ಬರೆದಿಟ್ಟದ್ದಕ್ಕೂ ಇರುವುದಕ್ಕೂ ತಾಳೆಯಾಗದಿದ್ದಲ್ಲಿ ಸ್ಕ್ರಿಪ್ಟ್ ಹೀಟ್ ನಂಬರನ್ನು ಅಳಿಸಿ ದರ್ಜೆಯನ್ನು ಮಾತ್ರ ಉಳಿಸಬಹುದು.

ಇಡೀ ಭಾಗದ ಬದಲು ಅದರ ಒಂದು ಮೈಗೆ, ಅಂದರೆ ಗ್ಯಾಸ್ಕೆಟ್ ಕೂರುವ ಮೈಗೆ ‘ಇಲ್ಲಿ ಮೆಷಿನಿಂಗ್ ಬೇಕು’ ಎಂದು ಬರೆಯುವುದು ಇನ್ನೂ ನಾಜೂಕಿನ ಕೆಲಸ. ಫ್ರೀಕ್ಯಾಡ್ ಮೈಗಳನ್ನು ‘ಫೇಸ್6’ ಎಂಬಂತೆ ಎಣಿಸುತ್ತದೆ, ಹೊಸ ರಂಧ್ರವೊಂದನ್ನು ಕೊರೆದರೆ ಆ ಎಣಿಕೆ ಪಲ್ಲಟವಾಗಬಹುದು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿ ಈ ತೊಂದರೆಯನ್ನು ಬಹಳಷ್ಟು ತಗ್ಗಿಸಿದೆ. ಆದರೂ ಸಂಖ್ಯೆಯನ್ನು ನಂಬುವುದಕ್ಕಿಂತ ‘ಹರಿವಿನ ಅಕ್ಷಕ್ಕೆ ಲಂಬವಾಗಿ ಎಲ್ಲಕ್ಕಿಂತ ಹೊರಗಿರುವ ಸಮತಲ’ ಎಂಬ ನಿಯಮ ಬರೆದು, ಪ್ರತಿ ಸಲವೂ ಸ್ಕ್ರಿಪ್ಟೇ ಆ ಮೈಯನ್ನು ಹುಡುಕಿಕೊಳ್ಳುವಂತೆ ಮಾಡುವುದು ನನಗೆ ಲೇಸೆನಿಸುತ್ತದೆ.

ಮಾದರಿ ಕಾರ್ಖಾನೆಯಿಂದ ಹೊರಟಾಗ ಇದ್ಯಾವುದೂ ಉಳಿಯುವ ಖಾತ್ರಿಯಿಲ್ಲ. ಮಾದರಿಗಳನ್ನು ಹಂಚಿಕೊಳ್ಳಲು ಬಳಸುವ ಎಸ್‌ಟಿಎಲ್ ಫೈಲಿನಲ್ಲಿ ಇರುವುದು ಆಕಾರವನ್ನು ತೋರಿಸುವ ತ್ರಿಕೋನಗಳಷ್ಟೇ. ಸ್ಟೆಪ್ ಎಂಬ ಇನ್ನೊಂದು ಬಗೆಯ ಫೈಲಿನಲ್ಲಿ ಇಂಥ ಮಾಹಿತಿಗೆ ಜಾಗವಿದ್ದರೂ ಬರೆಯುವ ಮತ್ತು ಓದುವ ತಂತ್ರಾಂಶಗಳೆರಡೂ ಅದನ್ನು ಗಮನಿಸಬೇಕು. ಆದ್ದರಿಂದ ಕಳುಹಿಸುವ ಮುನ್ನ ಭಾಗದ ಗುರುತು, ದರ್ಜೆ ಮತ್ತು ಹೀಟ್ ನಂಬರ್‌ಗಳ ಪಟ್ಟಿಯನ್ನು ಅದೇ ಸ್ಕ್ರಿಪ್ಟಿನಿಂದ ಬೇರೆ ಫೈಲಾಗಿ ತೆಗೆದು ಜೊತೆಗಿಡುವುದು ಕ್ಷೇಮ.