ಮ್ಯಾಟ್ರಿಕ್ಸ್‌ನಲ್ಲಿ ಅಳಿಸಿದ ಸಂದೇಶ ಏನಾಗುತ್ತದೆ?

ಒಂದು ಚಾಟ್ ಗುಂಪು ಇದೆ ಎಂದುಕೊಳ್ಳಿ. ಅದರ ಸಂದೇಶಗಳು ಒಂದೇ ಕಂಪನಿಯ ಸರ್ವರ್‌ನಲ್ಲಿಲ್ಲ. ಸದಸ್ಯರು ಯಾವ ಯಾವ ಸರ್ವರ್‌ಗೆ ಸೇರಿದವರೋ ಅಲ್ಲೆಲ್ಲ ಒಂದೊಂದು ನಕಲಿದೆ. ಹಳೆಯ ಸಂದೇಶವನ್ನು ಯಾರೂ ಗುಟ್ಟಾಗಿ ತಿದ್ದಲಾಗದು ಎಂಬ ಭರವಸೆಯೂ ಇದೆ. ಈಗ ನೀವು ಕೈತಪ್ಪಿ ನಿಮ್ಮ ಫೋನ್ ನಂಬರ್ ಹಾಕಿಬಿಟ್ಟಿರಿ. ಅಳಿಸಬೇಕು. ಅಳಿಸುವುದೂ ಒಂದು ತಿದ್ದುಪಡಿಯೇ ಅಲ್ವಾ? ಹಾಗಾದರೆ ಆ ಭರವಸೆ ಏನಾಯಿತು?

ಖಾಸಗಿತನವೂ ಬೇಕು, ಮಾಹಿತಿ ಕೆಡದೆ ಉಳಿಯುವುದೂ ಬೇಕು ಎಂದು ಪಾಠಗಳಲ್ಲಿ ಎರಡನ್ನೂ ಜೊತೆಯಾಗಿ ಹೇಳಿಬಿಡುತ್ತಾರೆ. ಅವೆರಡೂ ಒಂದಕ್ಕೊಂದು ಎಳೆದಾಡುವುದು ಕಾಣುವುದು ನಿಜವಾದ ವ್ಯವಸ್ಥೆಯೊಂದನ್ನು ಬಿಚ್ಚಿ ನೋಡಿದಾಗ. ನಾನು ಆರಿಸಿಕೊಂಡಿದ್ದು ಮ್ಯಾಟ್ರಿಕ್ಸ್ ಪ್ರೋಟೊಕಾಲ್, ಅಂದರೆ ಬೇರೆ ಬೇರೆ ಸರ್ವರ್‌ಗಳು ಚಾಟ್ ಹಂಚಿಕೊಳ್ಳಲು ಪಾಲಿಸುವ ನಿಯಮಗಳ ಕಟ್ಟು. ಇದು 2014ರಲ್ಲಿ ಶುರುವಾಯಿತು. ಫ್ರಾನ್ಸ್ ಸರ್ಕಾರಿ ನೌಕರರ 'ಚಾಪ್' ಆ್ಯಪ್ ಮತ್ತು ಜರ್ಮನ್ ಸೇನೆಯ ಮೆಸೆಂಜರ್ ಇದರ ಮೇಲೆಯೇ ನಿಂತಿವೆ. ಇದರ ನಿಯಮಗಳೆಲ್ಲ ಬಹಿರಂಗವಾಗಿರುವುದರಿಂದ ಕಲಿಯುವವರಿಗೆ ಅನುಕೂಲ.

ಸರಪಳಿ ಹೇಗೆ ಕಟ್ಟುತ್ತಾರೆ

ಪ್ರತಿ ಸಂದೇಶ ಒಂದು 'ಇವೆಂಟ್'. ತನ್ನ ಹಿಂದಿನ ಇವೆಂಟ್ ಯಾವುದು ಎಂದು ಅದರೊಳಗೇ ಬರೆದಿರುತ್ತದೆ. ಚಾಟ್ ಗುಂಪಿಗೆ ಇಲ್ಲಿ 'ರೂಮ್' ಎನ್ನುತ್ತಾರೆ, ಅದರ ನಿಯಮಗಳಿಗೆ ಆವೃತ್ತಿಗಳಿವೆ. 2019ರಲ್ಲಿ ಬಂದ ಮೂರನೇ ರೂಮ್ ಆವೃತ್ತಿಯಿಂದ ಇವೆಂಟ್‌ನ ಗುರುತುಸಂಖ್ಯೆಯೇ ಅದರ ಹ್ಯಾಶ್. ಹ್ಯಾಶ್ ಅಂದರೆ ಮಾಹಿತಿಯ ಹೆಬ್ಬೆಟ್ಟಿನ ಗುರುತು ಇದ್ದಂತೆ. ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಹಾಗಾಗಿ ನಡುವಿನ ಒಂದು ಇವೆಂಟ್ ತಿದ್ದಿದರೆ ಮುಂದಿನವು ಯಾವುವೂ ತಾಳೆಯಾಗುವುದಿಲ್ಲ. ಇದರ ಜೊತೆಗೆ ಕಳಿಸಿದ ಸರ್ವರ್‌ನ ಡಿಜಿಟಲ್ ಸಹಿಯೂ ಇರುತ್ತದೆ.

ಇಷ್ಟೇ ಆಗಿದ್ದರೆ ಏನನ್ನೂ ಅಳಿಸಲು ಆಗುತ್ತಿರಲಿಲ್ಲ. ಇಲ್ಲಿಯೇ ಇರುವುದು ಜಾಣತನ. ನಿಧಾನವಾಗಿ ಓದಿ, ನನಗೂ ಮೂರನೇ ಸಲಕ್ಕೆ ಹಿಡಿತಕ್ಕೆ ಸಿಕ್ಕಿದ್ದು.

ಮ್ಯಾಟ್ರಿಕ್ಸ್‌ನಲ್ಲಿ ಹ್ಯಾಶ್ ಒಂದಲ್ಲ, ಎರಡು. ಮೊದಲನೆಯದು ಪೂರ್ತಿ ಇವೆಂಟ್‌ನ ಹ್ಯಾಶ್, ಸಂದೇಶದ ಪಠ್ಯವೂ ಸೇರಿ. ಇದನ್ನು ಲೆಕ್ಕ ಹಾಕಿ ಇವೆಂಟ್‌ನೊಳಗೇ ಬರೆದಿಡುತ್ತಾರೆ. ಆಮೇಲೆ ಪಠ್ಯವನ್ನು ಕಿತ್ತು ಬರೀ ಚೌಕಟ್ಟನ್ನು ಉಳಿಸಿಕೊಳ್ಳುತ್ತಾರೆ. ಯಾರು ಕಳಿಸಿದ್ದು, ಯಾವ ರೂಮ್, ಯಾವಾಗ, ಹಿಂದಿನ ಇವೆಂಟ್ ಯಾವುದು, ಮತ್ತು ಆ ಮೊದಲ ಹ್ಯಾಶ್, ಇವೇ ಆ ಚೌಕಟ್ಟು. ಸರ್ವರ್ ಸಹಿ ಹಾಕುವುದು ಈ ಚೌಕಟ್ಟಿಗೆ. ಗುರುತುಸಂಖ್ಯೆಯಾಗುವ ಎರಡನೇ ಹ್ಯಾಶ್ ಕೂಡ ಈ ಚೌಕಟ್ಟಿನದೇ.

ಈಗ ನೀವು ಅಳಿಸಿದಾಗ ಹೋಗುವುದು ಪಠ್ಯ ಮಾತ್ರ. ಚೌಕಟ್ಟು ಹಾಗೇ ಇರುತ್ತದೆ. ಸಹಿಯೂ ಸರಿ, ಗುರುತುಸಂಖ್ಯೆಯೂ ಸರಿ, ಸರಪಳಿ ಕಡಿಯಲಿಲ್ಲ. ದಾರಿಯಲ್ಲಿ ಯಾರಾದರೂ ಪಠ್ಯ ಬದಲಿಸಿದ್ದರೆ? ಆಗ ಮೊದಲ ಹ್ಯಾಶ್ ತಾಳೆಯಾಗದು. ಪಡೆದ ಸರ್ವರ್ ಆ ಪಠ್ಯವನ್ನು ಅಲ್ಲೇ ಕಿತ್ತುಹಾಕಿ ಚೌಕಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಪಠ್ಯ ಕಿತ್ತರೂ ಲೆಕ್ಕ ತಪ್ಪಬಾರದು ಎಂಬುದನ್ನು ಮೊದಲ ದಿನದಿಂದಲೇ ಯೋಚಿಸಿ ಕಟ್ಟಿದ್ದಾರೆ. ಈ ವಿನ್ಯಾಸ ನನಗೆ ತುಂಬಾ ಇಷ್ಟ.

ಆದರೂ ಎರಡು ವಿಷಯ ಮರೆಯಬೇಡಿ. ಅಳಿಸು ಎನ್ನುವುದು ಬೇರೆ ಸರ್ವರ್‌ಗಳಿಗೆ ಹೋಗುವ ಕೋರಿಕೆ, ಅಷ್ಟೇ. ಮಾತು ಕೇಳದ ಸರ್ವರ್ ಪಠ್ಯವನ್ನು ಇಟ್ಟುಕೊಂಡರೆ ತಡೆಯುವವರಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಚೌಕಟ್ಟಿನಲ್ಲಿ ಮೊದಲ ಹ್ಯಾಶ್ ಉಳಿದಿದೆ ಅಲ್ವಾ? ಎನ್‌ಕ್ರಿಪ್ಶನ್ (ಕೀ ಇದ್ದವರು ಮಾತ್ರ ಓದುವಂತೆ ಪಠ್ಯವನ್ನು ಗೂಢಲಿಪಿಯಾಗಿಸುವುದು) ಇಲ್ಲದ ರೂಮಿನಲ್ಲಿ ನೀವು ಅಳಿಸಿದ್ದು ಬರೀ ಹತ್ತಂಕಿಯ ಫೋನ್ ನಂಬರ್ ಆಗಿತ್ತು ಅನ್ನಿ. ಸಾಧ್ಯವಿರುವ ನಂಬರ್‌ಗಳು ಹೆಚ್ಚೆಂದರೆ 1000 ಕೋಟಿ. ಒಂದೊಂದನ್ನೇ ಹಾಕಿ ಹ್ಯಾಶ್ ತಾಳೆ ನೋಡುವುದು ಇವತ್ತಿನ ಕಂಪ್ಯೂಟರ್‌ಗೆ ದೊಡ್ಡ ಕೆಲಸವಲ್ಲ. ಅಂದರೆ ಚಿಕ್ಕ, ಊಹಿಸಬಲ್ಲ ಪಠ್ಯಕ್ಕೆ ಹ್ಯಾಶ್ ಮುಚ್ಚಳವಾಗುವುದಿಲ್ಲ. ಎನ್‌ಕ್ರಿಪ್ಟ್ ಆದ ರೂಮಿನಲ್ಲಿ ಈ ಅಪಾಯವಿಲ್ಲ. ಅಲ್ಲಿ ಹ್ಯಾಶ್ ಆಗುವುದು ಗೂಢಲಿಪಿ. ಅದನ್ನು ಕೀ ಇಲ್ಲದವರು ಊಹಿಸಿ ಕಟ್ಟಲಾರರು.

ಬೀಗ ಮತ್ತು ಕೀ

ಗುಂಪಿನ ಎನ್‌ಕ್ರಿಪ್ಶನ್‌ಗೆ ಮ್ಯಾಟ್ರಿಕ್ಸ್ ಬಳಸುವ ವಿಧಾನದ ಹೆಸರು ಮೆಗೋಲ್ಮ್. ಕಳಿಸುವ ಪ್ರತಿ ಸಾಧನವೂ ತನ್ನದೇ ಒಂದು ಕೀ ಸರಣಿ ಶುರುಮಾಡುತ್ತದೆ. ಪ್ರತಿ ಸಂದೇಶಕ್ಕೂ ಕೀ ಒಂದು ಹಲ್ಲು ಮುಂದೆ ತಿರುಗುತ್ತದೆ, ಹಿಂದೆ ತಿರುಗದು. ಹಾಗಾಗಿ 40ನೇ ಹಂತದ ಕೀ ಸಿಕ್ಕವರು 41, 42 ಓದಬಹುದು, 39 ಓದಲಾಗದು. ಈ ಗುಣದಲ್ಲೇ ಕೊರತೆಯೂ ಇದೆ. ಕದ್ದ ಕೀ ಇಟ್ಟುಕೊಂಡು ಮುಂದಿನದೆಲ್ಲ ಓದಬಹುದು. ಅದಕ್ಕೇ 100 ಸಂದೇಶಕ್ಕೋ ಒಂದು ವಾರಕ್ಕೋ, ಯಾವುದು ಮೊದಲೋ ಆಗ, ಹೊಸ ಸರಣಿ ಶುರುಮಾಡುವುದು ವಾಡಿಕೆ. ಯಾರಾದರೂ ಗುಂಪು ಬಿಟ್ಟಾಗಲೂ ಅಷ್ಟೇ.

ಇಲ್ಲಿ ಸಾಧನದ ಸಹಿಯೂ ಇರುತ್ತದೆ. ಇದು ಏಕೆ ಬೇಕು? ಇವೆಂಟ್‌ಗೆ ಸಹಿ ಹಾಕುವುದು ಸರ್ವರ್ ಎಂದೆವಲ್ಲ, ಹಾಗಾಗಿ ನಿಮ್ಮ ಸರ್ವರ್ ನಡೆಸುವವರು ನಿಮ್ಮ ಹೆಸರಲ್ಲಿ ಸುಳ್ಳು ಇವೆಂಟ್ ಹುಟ್ಟಿಸಬಹುದು. ಅದು ನಿಮ್ಮ ಫೋನಿನಿಂದ ಬಂದದ್ದಲ್ಲ ಎಂದು ಹಿಡಿದುಕೊಡುವುದು ಈ ಸಹಿ.

ಆದರೆ ಗುಂಪಿನಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಸರ್ವರ್ ಕೈಯಲ್ಲೇ ಇತ್ತು. 2022ರ ಸೆಪ್ಟೆಂಬರ್‌ನಲ್ಲಿ ಸಂಶೋಧಕರ ತಂಡವೊಂದು ಹೊರಹಾಕಿದ ದೋಷಗಳಲ್ಲಿ ಇದೂ ಒಂದು. ದುರುದ್ದೇಶದ ಸರ್ವರ್ ತನಗೆ ಬೇಕಾದವರನ್ನು ಎನ್‌ಕ್ರಿಪ್ಟ್ ಆದ ರೂಮಿಗೆ ನುಗ್ಗಿಸಿ ಮುಂದಿನ ಸಂದೇಶಗಳ ಕೀ ಪಡೆಯಬಹುದಿತ್ತು. ಸಾಧನಗಳನ್ನು ಎಮೋಜಿ ಹೋಲಿಸಿ ದೃಢೀಕರಿಸಿ ಎಂದು ಆ್ಯಪ್ ಕೇಳುತ್ತದಲ್ಲ, ಅದನ್ನು ಸುಮ್ನೆ ದಾಟಿ ಹೋಗಬೇಡಿ.

ಇಬ್ಬರು ಒಟ್ಟಿಗೆ ಮಾತಾಡಿದರೆ

ಮಾತು ಆ ಕ್ಷಣವೇ ತಲುಪಬೇಕು. ಎಲ್ಲ ಸರ್ವರ್‌ಗಳೂ ಒಪ್ಪಲಿ ಎಂದು ಕಾಯುವಂತಿಲ್ಲ. ಆದ್ದರಿಂದ ಸರಪಳಿ ಆಗಾಗ ಕವಲೊಡೆಯುತ್ತದೆ. ಮುಂದಿನ ಇವೆಂಟ್ ಎರಡೂ ಕವಲುಗಳನ್ನು ಹಿಂದಿನವು ಎಂದು ಬರೆದುಕೊಂಡು ಮತ್ತೆ ಸೇರಿಸುತ್ತದೆ. ಮಾತುಕತೆಗೆ ಇಷ್ಟು ಸಾಕು. ಕಷ್ಟ ಬರುವುದು ಅಧಿಕಾರದ ವಿಷಯದಲ್ಲಿ. ಒಂದು ಕವಲಿನಲ್ಲಿ ಒಬ್ಬರನ್ನು ಹೊರಹಾಕಿದ್ದಾರೆ, ಇನ್ನೊಂದರಲ್ಲಿ ಅವರೇ ರೂಮಿನ ಹೆಸರು ಬದಲಿಸಿದ್ದಾರೆ. ಯಾವುದು ನಿಲ್ಲಬೇಕು? ಅಧಿಕಾರ ಬದಲಿಸುವ, ಹೊರಹಾಕುವ ಇವೆಂಟ್‌ಗಳನ್ನು ಮೊದಲು ನೋಡಬೇಕು. ಅವುಗಳಲ್ಲಿ ಒಂದನ್ನೊಂದು ಆಧರಿಸದವು ಇದ್ದರೆ ಹೆಚ್ಚು ಅಧಿಕಾರದವರದು ಮುಂದೆ. ಸಮಯ ನೋಡುವುದು ಅದರ ನಂತರ. ಏಕೆಂದರೆ ಇವೆಂಟ್‌ನಲ್ಲಿರುವ ಸಮಯವನ್ನು ಬರೆಯುವುದು ಕಳಿಸಿದ ಸರ್ವರ್, ಅದು ಸುಳ್ಳೂ ಬರೆಯಬಹುದು. ಪ್ರತಿ ಸರ್ವರ್ ಇದೇ ನಿಯಮದಿಂದ ತಾನೇ ಲೆಕ್ಕ ಹಾಕುತ್ತದೆ. ಕೈಯಲ್ಲಿರುವ ಇವೆಂಟ್‌ಗಳು ಒಂದೇ ಆಗಿದ್ದರೆ ಉತ್ತರವೂ ಒಂದೇ.

ನೀವೇ ನೋಡಿ

ಮ್ಯಾಟ್ರಿಕ್ಸ್ ಬಳಸುವ ಎಲಿಮೆಂಟ್ ಎಂಬ ಚಾಟ್ ಆ್ಯಪ್‌ನ ವೆಬ್ ಆವೃತ್ತಿ ತೆರೆಯಿರಿ. ಎನ್‌ಕ್ರಿಪ್ಟ್ ಆದ ರೂಮಿನಲ್ಲಿ ಒಂದು ಸಾಲು ಬರೆಯಿರಿ. ಆ ಸಂದೇಶದ ಮೆನುವಿನಲ್ಲಿ 'ವ್ಯೂ ಸೋರ್ಸ್' ಒತ್ತಿ. ಬಿಡಿಸಿದ ರೂಪವೂ ಮೂಲ ರೂಪವೂ ಎರಡೂ ಕಾಣುತ್ತವೆ. ಮೂಲದಲ್ಲಿ ನಿಮ್ಮ ಮಾತು ಅರ್ಥವಾಗದ ಅಕ್ಷರಗಳ ಗುಡ್ಡೆಯಾಗಿರುತ್ತದೆ. ಅದರ ಪಕ್ಕದಲ್ಲೇ ನಿಮ್ಮ ಹೆಸರು, ರೂಮಿನ ಗುರುತು, ಮಿಲಿಸೆಕೆಂಡ್ ಲೆಕ್ಕದ ಸಮಯ ಎಲ್ಲ ಬಯಲಲ್ಲೇ ಇರುತ್ತವೆ. ಈಗ ಆ ಸಂದೇಶ ಅಳಿಸಿ ಮತ್ತೆ ನೋಡಿ. ಗುಡ್ಡೆ ಹೋಗಿರುತ್ತದೆ. ಹೆಸರು, ರೂಮ್, ಸಮಯ ಮೂರೂ ಇದ್ದಲ್ಲೇ ಇರುತ್ತವೆ.