ಒಂದು ನಿಮಿಷಕ್ಕೆ ಬೀಳುವ ಬೆಸುಗೆ

ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಶುರುವಾಗಿ ಒಂದು ನಿಮಿಷಕ್ಕೆ ಜಾನ್ ಲೆನನ್ ದನಿ ದಪ್ಪಗಾಗುತ್ತದೆ, ಚೆಲ್ಲೊ ಎಂಬ ದೊಡ್ಡ ಪಿಟೀಲುಗಳು ನುಗ್ಗಿ ಬರುತ್ತವೆ. ಅಲ್ಲಿಯೇ ಟೇಪಿಗೆ ಬ್ಲೇಡ್ ಬಿದ್ದಿರುವುದು. ಅದರ ಹಿಂದಿನದು 7ನೇ ಟೇಕ್ (ಹಾಡಿನ ಒಂದೊಂದು ಮುದ್ರಣಕ್ಕೂ ಕೊಡುವ ಸಂಖ್ಯೆ ಇದು), ಮುಂದಿನದು 26ನೆಯದು.

ಲಂಡನ್ನಿನ ಅಬ್ಬೆ ರೋಡಿನಲ್ಲಿದ್ದ ಇಎಂಐ ಸ್ಟುಡಿಯೊದಲ್ಲಿ ಮೊದಲ ಟೇಕ್ ಆದದ್ದು 1966ರ ನವೆಂಬರ್ 24ರಂದು. ಶುರುವಿನ ಕೊಳಲ ದನಿ ಆಮೇಲೆ ಸೇರಿತು. ಅದು ಕೊಳಲಲ್ಲ, ಪಾಲ್ ಮೆಕಾರ್ಟ್ನಿ ನುಡಿಸಿದ ಮೆಲೊಟ್ರಾನ್ ಎಂಬ ಕೀಲಿಮಣೆ ವಾದ್ಯ. ಅದರ ಒಂದೊಂದು ಕೀಲಿಯ ಕೆಳಗೂ ದನಿ ಮುದ್ರಿಸಿಟ್ಟ ಸುಮಾರು 8 ಸೆಕೆಂಡಿನ ಟೇಪಿನ ತುಂಡಿರುತ್ತದೆ. ಬೆರಳೆತ್ತಿದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಎತ್ತದಿದ್ದರೆ ಟೇಪು ಮುಗಿದು ದನಿ ನಿಲ್ಲುತ್ತದೆ.

ಆಗ ಟೇಪಿನಲ್ಲಿದ್ದದ್ದು ನಾಲ್ಕೇ ಟ್ರ್ಯಾಕ್, ಅಂದರೆ ದನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಲು ನಾಲ್ಕೇ ಸಾಲು. ತುಂಬಿದ ಮೇಲೆ ಎಲ್ಲವನ್ನೂ ಬೆರೆಸಿ ಬೇರೆ ಟೇಪಿಗೆ ಇಳಿಸಿ ಜಾಗ ಮಾಡಿಕೊಳ್ಳಬೇಕಿತ್ತು. ಇಳಿಸಿದಷ್ಟೂ ಟೇಪಿನ ಸುಯ್‌ಗುಟ್ಟುವಿಕೆ ಏರುತ್ತದೆ, ಬೆರೆತದ್ದನ್ನು ಮತ್ತೆ ಬಿಡಿಸಲಾಗದು. 6ನೇ ಟೇಕನ್ನು ಹಾಗೆ ಇಳಿಸಿದಾಗ ಹುಟ್ಟಿದ್ದೇ 7ನೆಯದು.

ಅದು ಲೆನನ್‌ಗೆ ಪೂರ್ತಿ ಒಗ್ಗಲಿಲ್ಲ. ಡಿಸೆಂಬರ್ 8ರಂದು ಹಾಡನ್ನು ಹೊಸದಾಗಿ, ಚುರುಕು ಲಯದಲ್ಲಿ ಎತ್ತಿಕೊಂಡರು. ಮರುದಿನ ಜಾರ್ಜ್ ಹ್ಯಾರಿಸನ್ ಸ್ವರಮಂಡಲ ಮೀಟಿದರು. ನಮ್ಮ ಹಿಂದೂಸ್ತಾನಿ ಗಾಯಕರ ತೊಡೆಯ ಮೇಲಿರುವ ಅದೇ ವಾದ್ಯ. ಅದರ ಇಳಿಯುವ ಝೇಂಕಾರ ಸ್ಪಷ್ಟವಾಗಿ ಕೇಳುತ್ತದೆ. 15ರಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಬರೆದುಕೊಟ್ಟ ನಾಲ್ಕು ಟ್ರಂಪೆಟ್, ಮೂರು ಚೆಲ್ಲೊಗಳ ಭಾಗ ಸೇರಿತು. ಹೀಗೆ ಹುಟ್ಟಿದ್ದು 26ನೇ ಟೇಕ್.

ಕೊನೆಗೆ ಲೆನನ್ ಕೇಳಿದ್ದು, ಮೊದಲದರ ಆರಂಭಕ್ಕೆ ಎರಡನೆಯದರ ಉಳಿದ ಭಾಗ ಅಂಟಿಸಿ ಎಂದು. ಎರಡರ ಲಯವೂ ಬೇರೆ, ಶ್ರುತಿಯೂ ಬೇರೆ. ಟೇಪಿನ ವೇಗ ಇಳಿಸಿದರೆ ಲಯ, ಶ್ರುತಿ ಎರಡೂ ಒಟ್ಟಿಗೆ ಇಳಿಯುತ್ತವೆ. ವೇಗ ಸುಮಾರು 6 ಶೇಕಡಾ ತಗ್ಗಿದರೆ ಶ್ರುತಿ ಅರ್ಧ ಸ್ವರ ಕೆಳಗೆ. 26ನೆಯದು ಚುರುಕಾಗಿದ್ದದ್ದಷ್ಟೇ ಅಲ್ಲ, ಶ್ರುತಿಯಲ್ಲೂ ಮೇಲಿತ್ತು. ಕೆಲಸ ಕೈಗೂಡಿದ್ದೇ ಅದರಿಂದ. ಚುರುಕಾಗಿದ್ದು ಶ್ರುತಿ ಕೆಳಗಿದ್ದಿದ್ದರೆ, ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಇನ್ನಷ್ಟು ಕೆಡುತ್ತಿತ್ತು.

ಟೇಪ್ ಯಂತ್ರದ ಮೋಟಾರು ವಿದ್ಯುತ್ತಿನ ಆವರ್ತನಕ್ಕೆ ತಕ್ಕಂತೆ ತಿರುಗುತ್ತಿತ್ತು. ಬ್ರಿಟನ್ನಿನ 50 ಹರ್ಟ್ಸ್ ಬದಲು ಕಡಿಮೆ ಆವರ್ತನ ಕೊಟ್ಟರೆ ವೇಗ ತಗ್ಗುತ್ತದೆ. ಡಿಸೆಂಬರ್ 22ರಂದು ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಹೀಗೆ ಹೊಂದಿಸಿ ಬೆಸೆದರು. ಟೇಪನ್ನು ನೇರ ಕತ್ತರಿಸಿದರೆ ದನಿ ಥಟ್ಟನೆ ಬದಲಾಗುತ್ತದೆ, ಟಕ್ ಎನ್ನಬಹುದು. ಕಾಲಿಂಚು ಅಗಲದ ಟೇಪು ಸೆಕೆಂಡಿಗೆ 15 ಇಂಚು ಓಡುವಾಗ 45 ಡಿಗ್ರಿಯ ಓರೆ ಸೀಳು ಬದಲಾವಣೆಯನ್ನು ಸೆಕೆಂಡಿನ 60ನೇ ಒಂದು ಭಾಗಕ್ಕೆ ಹರಡುತ್ತದೆ. ಎಮೆರಿಕ್ ಇನ್ನೂ ಓರೆಯಾಗಿ ಸೀಳಿದರು.

ವೇಗ ಬದಲಾದ್ದರಿಂದ ಹಾಡಿನ ಶ್ರುತಿ ಪಾಶ್ಚಾತ್ಯ ಸಂಗೀತದ ಅಕ್ಕಪಕ್ಕದ ಸ್ವರಗಳಾದ ಎ ಮತ್ತು ಬಿ ಫ್ಲ್ಯಾಟ್ ನಡುವೆ ಎಲ್ಲೋ ನಿಂತಿತು. ಗಿಟಾರ್ ಹಿಡಿದು ಈ ಧ್ವನಿಮುದ್ರಿಕೆಯ ಜೊತೆ ನುಡಿಸಬೇಕೆಂದರೆ ಟ್ಯೂನರ್ ಬದಿಗಿಟ್ಟು ಕಿವಿಯಿಂದಲೇ ತಂತಿ ಹೊಂದಿಸಿಕೊಳ್ಳಬೇಕು.