ಗೋಡೆ ಕಿತ್ತರೆ ಕಲ್ಲು ಸಿಗಬೇಕು

ಕುಮಟಾ, ಅಂಕೋಲಾ ಕಡೆ ಹಳೆ ಮನೆ ಕೀಳುವಾಗ ಹಂಚು, ಮಾಡಿನ ಮರದ ಪಕಾಸು, ರೀಪು, ಚಿರೆಕಲ್ಲು (ಜಂಬಿಟ್ಟಿಗೆ) ಎಲ್ಲ ಬೇರೆ ಬೇರೆ ರಾಶಿ ಬೀಳುತ್ತವೆ. ಎಲ್ಲಕ್ಕೂ ಗಿರಾಕಿ ಸಿಗುತ್ತಾರೆ. ಆರ್‌ಸಿಸಿ ಮನೆ ಕೆಡವಿದರೆ ಕಬ್ಬಿಣದ ಸರಳು ಗುಜರಿಗೆ ಹೋಗುತ್ತದೆ, ಉಳಿದದ್ದು ಟಿಪ್ಪರ್ ಹತ್ತಿ ಯಾವುದೋ ಹೊಂಡ ಸೇರುತ್ತದೆ. ಕಟ್ಟಡದ ಕಸವನ್ನು ಬೇರ್ಪಡಿಸುವ ಹೊಣೆ ಅದನ್ನು ಮಾಡಿದವರದೇ ಎಂದು 2016ರಲ್ಲೇ ಕೇಂದ್ರದ ನಿಯಮ ಬಂತು. ಆದರೆ ಕಾಂಕ್ರೀಟಿನ ಮುದ್ದೆಯಲ್ಲಿ ಬೇರ್ಪಡಿಸುವುದಾದರೂ ಏನನ್ನು?

ಕಸ ಎಷ್ಟಾಗುತ್ತದೆ ಎನ್ನುವುದು ಗಾರೆ ಕಲಸುವಾಗಲೇ ತೀರ್ಮಾನವಾಗಿರುತ್ತದೆ. ಹಳೆ ಗೋಡೆಗಳಲ್ಲಿ ಕಲ್ಲಿನ ನಡುವೆ ಇದ್ದದ್ದು ಮಣ್ಣು, ಇಲ್ಲವೇ ಸುಣ್ಣದ ಗಾರೆ. ಎರಡೂ ಕಲ್ಲಿಗಿಂತ ಮೆತ್ತಗೆ. ಹಾರೆ ಹಾಕಿ ಮೀಟಿದರೆ ಗಾರೆ ಉದುರುತ್ತದೆ, ಕಲ್ಲು ಇಡಿಯಾಗಿ ಬರುತ್ತದೆ. ಸಿಮೆಂಟು ಜಾಸ್ತಿ ಸುರಿದ ಗಾರೆ ಚಿರೆಕಲ್ಲಿಗಿಂತ ಗಟ್ಟಿ. ಅಲ್ಲಿ ಒಡೆಯುವುದು ಕಲ್ಲೇ.

ಚಿರೆಕಲ್ಲು ಹಾಳಾಗುವುದು ನಿಜಕ್ಕೂ ಹೊಟ್ಟೆ ಉರಿಯುವ ವಿಷಯ. ನೆಲದಿಂದ ಕಡಿದಾಗ ಅದು ಮೆತ್ತಗಿರುತ್ತದೆ. ಗಾಳಿಗೆ ಒಣಗುತ್ತಾ, ಅದರೊಳಗಿನ ಕಬ್ಬಿಣದ ಸಂಯುಕ್ತಗಳು ನೀರು ಕಳೆದುಕೊಂಡು ಗಟ್ಟಿಯಾಗುತ್ತವೆ. ಇಟ್ಟಿಗೆಯ ಹಾಗೆ ಭಟ್ಟಿಯಲ್ಲಿ ಸುಡಬೇಕಿಲ್ಲ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯ ಚಿರೆಕಲ್ಲಿನ ಗೋಡೆಗಳು ನಮ್ಮ ಮಳೆಯಲ್ಲಿ ಶತಮಾನಗಟ್ಟಲೆ ನೆನೆದರೂ ನಿಂತಿವೆ, ಅಲ್ವಾ? ಹಾಗಂತ ಈ ಕಲ್ಲು ಪುಕ್ಕಟೆ ಅಲ್ಲ. ಕಡಿದಲ್ಲೆಲ್ಲ ಹೊಂಡ ಬೀಳುತ್ತದೆ. ಒಂದೇ ಕಲ್ಲು ಎರಡು ಮನೆಗೆ ಆದರೆ ಅಷ್ಟು ಹೊಂಡ ಕಡಿಮೆ.

ಸಿಮೆಂಟಿನ ಕಥೆ ಬೇರೆ. ಸುಣ್ಣದಕಲ್ಲಿಗೆ ಜೇಡಿಮಣ್ಣು ಸೇರಿಸಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಶುದ್ಧ ಸುಣ್ಣದಕಲ್ಲು 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಉರುವಲಿನ ಹೊಗೆ ಬೇರೆ. ನಮ್ಮ ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು ಮಾಡುತ್ತಿದ್ದ ಸುಣ್ಣದಿಂದಲೂ ಅದೇ ಅನಿಲ ಹೊರಡುತ್ತದೆ. ಆದರೆ ಅದಕ್ಕೆ ಸುಮಾರು 900 ಡಿಗ್ರಿ ಸಾಕು. ಮೇಲಾಗಿ ಸುಣ್ಣ ಗಟ್ಟಿಯಾಗುವುದೇ ಗಾಳಿಯಿಂದ ಆ ಅನಿಲವನ್ನು ವಾಪಸ್ ಹೀರಿಕೊಂಡು.

ಸುಣ್ಣದ ಗಾರೆಗೆ ತಾಳ್ಮೆ ಬೇಕು. ಮಳೆಗಾಲದಲ್ಲಿ ಅದು ಒಣಗುವುದೇ ಕಷ್ಟ. ಕಾರವಾರದಲ್ಲಿ ಅಪಾರ್ಟ್‌ಮೆಂಟನ್ನು ಅದರಲ್ಲೇ ಕಟ್ಟುತ್ತೇನೆ ಎನ್ನುವುದು ಸುಮ್ನೆ ಹಟ. ಆದರೆ ಒಂದಂತಸ್ತಿನ ಚಿರೆಕಲ್ಲಿನ ಮನೆಗೆ ಮಧ್ಯದ ದಾರಿ ಇದೆ: ಸಿಮೆಂಟು ಒಂದು ಪಾಲು, ಸುಣ್ಣ ಎರಡು, ಮರಳು ಒಂಬತ್ತು. ಎಂಜಿನಿಯರುಗಳಿಗೆ ಈ ಮಿಶ್ರಗಾರೆ ಹೊಸದೇನಲ್ಲ. ಬರೀ ಸುಣ್ಣಕ್ಕಿಂತ ಬೇಗ ಕೂರುತ್ತದೆ, ಬರೀ ಸಿಮೆಂಟಿನಷ್ಟು ಕಚ್ಚಿಕೊಳ್ಳುವುದಿಲ್ಲ. ಕಂಬ, ತೊಲೆಗಳಿಗೆ ಮಾತ್ರ ಇದು ಆಗದು. ಅಲ್ಲಿ ಕಾಂಕ್ರೀಟೇ ಬೇಕು.